ಹಣೆಗೆ ಹಿಡಿದ ಅಗ್ಗದ ಪಿಸ್ತೂಲು

ಅಗ್ಗದ ಸಾಮಾನು ಮನೆಗೆ ತಂದವನ ಬದುಕಿನಲ್ಲಿ ಒಂದಲ್ಲ ಒಂದು ನಡೆಯುತ್ತಲೇ ಇರುತ್ತದೆ. ಆ ಸಾಮಾನು ಪಿಸ್ತೂಲಾಗಿದ್ದು, ಮನೆಯಲ್ಲಿ ಅತ್ತೆಯೂ ಇದ್ದುಬಿಟ್ಟರೆ ಕೇಳುವುದೇ ಬೇಡ.

ಗಾಬರಿಯಾಗಬೇಡಿ. ಜಪಾನಿನಲ್ಲಿ ನಿಜವಾದ ಪಿಸ್ತೂಲು ಇಟ್ಟುಕೊಂಡರೆ ಜೈಲೇ ಗತಿ. ನಾನು ಹೇಳುತ್ತಿರುವುದು ಕೊರೊನಾ ಕಾಲದಲ್ಲಿ ಹಣೆಗೆ ಗುರಿಯಿಟ್ಟು ಜ್ವರ ನೋಡುತ್ತಿದ್ದರಲ್ಲ, ಆ ಪಿಸ್ತೂಲು. ನನ್ನದು ಜೇಬಿನಲ್ಲಿ ಹಿಡಿಯುವಷ್ಟು ಪುಟ್ಟದು. ಆನ್‌ಲೈನಿನಲ್ಲಿ ಎಲ್ಲಕ್ಕಿಂತ ಅಗ್ಗದ್ದನ್ನೇ ಹುಡುಕಿ ತರಿಸಿದ್ದೆ. ಕೊಂಡವರ ಅಭಿಪ್ರಾಯ ಓದದೆ ತರಿಸಿದೆ ಅನ್ನಬೇಡಿ, ಓದಿದ್ದೆ. ಒಬ್ಬರು "ನಮ್ಮ ಬೆಕ್ಕಿಗೆ ಬಹಳ ಸರಿಯಾಗಿ ತೋರಿಸುತ್ತದೆ" ಎಂದು ಐದು ನಕ್ಷತ್ರ ಕೊಟ್ಟಿದ್ದರು. ನಮ್ಮ ಮನೆಯಲ್ಲಿ ಬೆಕ್ಕಿಲ್ಲ ಎಂಬುದು ಆಗ ಹೊಳೆಯಲಿಲ್ಲ.

ನಿಶಿ ಕಸಾಯಿ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಆಗ ಇದ್ದವರು ನಾನು, ಹೆಂಡತಿ, ಹಸುಗೂಸು ಮತ್ತು ಬಾಣಂತನಕ್ಕೆಂದು ಮೈಸೂರಿನಿಂದ ಬಂದ ಅತ್ತೆ. ಅವರು ಬಂದರು, ಕೂಸೂ ಬಂತು, ಆಮೇಲೆ ವಿಮಾನಗಳು ನಿಂತುಹೋದವು. ಅಷ್ಟರಲ್ಲಿ ಮೈಸೂರಿನಲ್ಲಿದ್ದ ಅವರ ಕಿರಿಯ ಮಗಳೂ ಬಸುರಿಯಾದಳು. ಅವಳ ಹೆರಿಗೆಯ ಹೊತ್ತಿಗೆ ಊರು ಸೇರಬೇಕು, ಇದೊಂದೇ ಅತ್ತೆಯ ಜಪ. ವಿಶೇಷ ವಿಮಾನದ ಸೀಟಿಗೆ ಕಾಯುತ್ತಿದ್ದೆವು. ವಿಮಾನ ನಿಲ್ದಾಣದಲ್ಲಿ ಹಣೆಗೆ ಪಿಸ್ತೂಲು ಹಿಡಿಯುತ್ತಾರೆ, ಅದು ಒಪ್ಪಿದರೆ ಮಾತ್ರ ಒಳಗೆ ಬಿಡುತ್ತಾರೆ ಎಂದು ಹೇಳಿದ್ದರು. ಹಾಗಾಗಿ ಮನೆಯಲ್ಲೇ ಅಭ್ಯಾಸವಾಗಲಿ ಎಂದು ನಾನು ಇದನ್ನು ತರಿಸಿದ್ದು.

ಮೊದಲ ಗುರಿ

ಹೆಂಡತಿಯ ಹಣೆಗೆ ಹಿಡಿದೆ, ಮೂವತ್ತಾರೂವರೆ ಸೆಲ್ಸಿಯಸ್, ಜ್ವರವಿಲ್ಲ. ನನಗೂ ಅಷ್ಟೇ. ಕೂಸಿಗೆ ಒಂದು ಚೂರು ಜಾಸ್ತಿ. ಅತ್ತೆಯ ಹಣೆಗೆ ಹಿಡಿದಾಗ ಪಿಸ್ತೂಲು ಸ್ವಲ್ಪ ಹೊತ್ತು ಯೋಚಿಸಿ, ಅಂಕಿಯನ್ನೇ ತೋರಿಸದೆ ಇಂಗ್ಲಿಷಿನಲ್ಲಿ ‘ಲೋ’ ಎಂದಿತು.

ಅತ್ತೆ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತರಾದವರು. ಕನ್ನಡಕ ಏರಿಸಿಕೊಂಡು, "ಹಂಗಂದ್ರೇನು ಅಳಿಯಂದ್ರೇ?" ಎಂದರು.

"ಕಮ್ಮಿ ಇದೆ ಅಂತ ಅತ್ತೆ."

"ಎಷ್ಟು ಕಮ್ಮಿ?"

"ಅದು ಹೇಳಲ್ಲ. ಮನುಷ್ಯರ ಲೆಕ್ಕಕ್ಕಿಂತ ಕಮ್ಮಿ ಇದ್ರೆ ಹಿಂಗೆ ತೋರಿಸುತ್ತಂತೆ."

"ಮನುಷ್ಯರ ಲೆಕ್ಕ ಅಲ್ದೇ ಇದ್ರೆ ಇನ್ಯಾರ ಲೆಕ್ಕ?"

ಪಿಸ್ತೂಲೇ ಕೆಟ್ಟಿದೆ ಎಂದು ತೋರಿಸಲು ನಾನು ಅದನ್ನು ಸುಮ್ಮನೆ ಹಾಸಿಗೆ ಇಡುವ ಗೋಡೆ ಬೀರುವಿನ ಕಡೆ ತಿರುಗಿಸಿ ಒತ್ತಿದೆ. ಮೂವತ್ತಾರೂವರೆ! ಇನ್ನೊಮ್ಮೆ ಒತ್ತಿದರೂ ಅಷ್ಟೇ. ಮುಚ್ಚಿದ ಬಾಗಿಲ ಹಿಂದೆ ಆರೋಗ್ಯವಾಗಿರುವವರು ಯಾರೋ ನಿಂತಿದ್ದಾರೆ ಎಂದಂತಾಯಿತು. ಹೆಂಡತಿ ಕೂಸನ್ನು ಎತ್ತಿಕೊಂಡು ಹಿಂದೆ ಸರಿದಳು. ನಾನು ದೇವರ ಹೆಸರು ಹೇಳಿ ಬಾಗಿಲು ಸರಿಸಿದೆ. ಒಳಗಿದ್ದದ್ದು ಊರಿಗೆ ಹೋಗಲು ತಯಾರಾಗಿದ್ದ ಅತ್ತೆಯ ಪೆಟ್ಟಿಗೆ.

ಅತ್ತೆ ಅದನ್ನು ನೋಡಿ ಹೇಳಿದರು: "ನನ್ನ ಸೂಟ್‌ಕೇಸಿಗಿರೋ ಜೀವ ನನಗಿಲ್ಲ."

ಶಿನಾಗಾವಾದ ಕೋಟು

ಊರೆಲ್ಲ ಮನೆಯಿಂದಲೇ ಕೆಲಸ ಮಾಡುತ್ತಿದ್ದರೂ ಜಪಾನಿನ ಕಾಗದಪತ್ರಕ್ಕೆ ಸಹಿಯ ಬದಲು ಹೆಸರಿನ ಮುದ್ರೆ ಬೇಕೇ ಬೇಕು. ಮುದ್ರೆ ಮಾತ್ರ ಆಫೀಸಿನ ಡ್ರಾಯರಿನಲ್ಲಿ. ಅದನ್ನು ಒತ್ತುವುದಕ್ಕೆಂದೇ ನಾನು ಒಂದು ದಿನ ಶಿನಾಗಾವಾದ ಆಫೀಸಿಗೆ ಹೊರಟೆ. ಬೇರೆ ದಿನಗಳಲ್ಲಾದರೆ ಕಾಲಿಡಲು ಜಾಗವಿಲ್ಲದ ತೊಝಾಯ್ ಲೈನಿನ ರೈಲಿನಲ್ಲಿ ಆ ಬೆಳಿಗ್ಗೆ ನಾನೂ ನನ್ನ ಎದುರಿನ ಗಾಜಿನಲ್ಲಿ ಕಾಣುತ್ತಿದ್ದ ನಾನೂ, ಇಬ್ಬರೇ.

ಆಫೀಸಿನಲ್ಲಿ ಮನುಷ್ಯರು ಅಲುಗಾಡಿದರೆ ಮಾತ್ರ ಹೊತ್ತಿಕೊಳ್ಳುವ ದೀಪಗಳು. ನಾನು ನಡೆದಂತೆ ನನ್ನ ತಲೆಯ ಮೇಲೊಂದೊಂದೇ ಹೊತ್ತಿಕೊಂಡವು. ನನ್ನ ಮೇಜಿನ ಮುಂದೆ ನಿಂತು ಮುದ್ರೆ ತೆಗೆದೆ. ಅಷ್ಟರಲ್ಲಿ ದೂರದ ಮೂಲೆಯಲ್ಲಿ ಇನ್ನೊಂದು ದೀಪ ಹೊತ್ತಿಕೊಂಡಿತು.

ಅಲ್ಲಿ ಯಾರೂ ಇರಲಿಲ್ಲ. ಒಂದು ಕುರ್ಚಿ, ಅದರ ಬೆನ್ನಿಗೆ ತೊಡಿಸಿದ ಕಪ್ಪು ಕೋಟು, ಅಷ್ಟೇ. ಜೇಬಿನಲ್ಲಿ ಪಿಸ್ತೂಲಿತ್ತು. ಯಾಕೆ ತೆಗೆದೆನೋ ಗೊತ್ತಿಲ್ಲ, ಹೆದರಿದವನ ಕೈ ಸುಮ್ಮನಿರುವುದಿಲ್ಲ. ಕೋಟಿಗೆ ಗುರಿಯಿಟ್ಟು ಒತ್ತಿದೆ. ಮೂವತ್ತಾರೂವರೆ.

"ಸುಮಿಮಾಸೆನ್," ಎಂದು ಕ್ಷಮೆ ಕೇಳಿದೆ, ಕೋಟಿಗೆ.

"ಹಾಯ್," ಎಂದು ಜಪಾನಿಯಲ್ಲೇ ಓಗೊಟ್ಟಿತು ಕೋಟು.

ಆಗ ಮೇಜಿನ ಹಿಂದಿನ ನೆಲದಿಂದ ನಮ್ಮ ವಿಭಾಗದ ಮುಖ್ಯಸ್ಥರು ನಿಧಾನವಾಗಿ ಎದ್ದರು. ಅವರೂ ಮುದ್ರೆ ಒತ್ತಲೆಂದೇ ಬಂದವರು, ಬೆನ್ನು ಹಿಡಿದುಕೊಂಡದ್ದರಿಂದ ನೆಲದ ಮೇಲೆ ಮಲಗಿದ್ದರಂತೆ. ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಪಿಸ್ತೂಲು ಹಿಡಿದು ನಿಂತಿದ್ದ ನನ್ನನ್ನು ಕಂಡದ್ದೇ ಎರಡೂ ಕೈ ಮೇಲೆತ್ತಿದರು. ಜಪಾನಿನವರಲ್ಲವೇ, ಎತ್ತಿದ ಕೈಯಲ್ಲೇ ಬಗ್ಗಿ ನಮಸ್ಕಾರವನ್ನೂ ಮಾಡಿದರು.

ನಾನು ಜೀವ ಹೋದಂತಾಗಿ, ಇದು ಜ್ವರ ನೋಡುವುದು, ದಯವಿಟ್ಟು ನೋಡಿ ಎಂದು ಅವರ ಹಣೆಗೇ ಹಿಡಿದು ತೋರಿಸಿದೆ. ‘ಲೋ’ ಎಂದಿತು.

ಅವರು ಅದನ್ನು ಓದಿ, ಕೋಟಿನ ಕಡೆ ಒಮ್ಮೆ ನೋಡಿ, "ಹೌದು, ಮ್ಯಾನೇಜರ್ ಆದಾಗಿನಿಂದ ನನಗೂ ಹಾಗೇ ಅನ್ನಿಸುತ್ತಿದೆ" ಎಂದರು.

ಅತ್ತೆಯ ಪ್ರಯೋಗಗಳು

ಬೇರೆ ಯಾರಾದರೂ ಆಗಿದ್ದರೆ ಪಿಸ್ತೂಲನ್ನು ಬೈದು ಸುಮ್ಮನಾಗುತ್ತಿದ್ದರು. ಅತ್ತೆ ವಿಜ್ಞಾನದವರು. "ಉಪಕರಣ ಸುಳ್ಳು ಹೇಳಲ್ಲ ಅಳಿಯಂದ್ರೇ, ಓದೋ ಮನುಷ್ಯ ತಪ್ಪು ಓದ್ತಾನೆ" ಎಂದು ಜೀವಮಾನವೆಲ್ಲ ಮಕ್ಕಳಿಗೆ ಹೇಳಿಕೊಟ್ಟವರು. ತಾವು ಬದುಕಿದ್ದೇವೋ ಇಲ್ಲವೋ ಎಂಬ ಪರೀಕ್ಷೆಗೆ ಅವರು ಇಳಿದರು.

ಸೂಪರ್ ಮಾರ್ಕೆಟ್ಟಿನ ತಾನೇ ತೆರೆಯುವ ಬಾಗಿಲು ನನಗೆ ತೆರೆಯಿತು, ಹಿಂದೆ ಬಂದ ಅತ್ತೆಯ ಮುಖಕ್ಕೆ ಮುಚ್ಚಿಕೊಂಡಿತು. ಒಳಗೆ ಜ್ವರ ನೋಡುವ ಕ್ಯಾಮರಾ ಎಲ್ಲರ ಮುಖದ ಸುತ್ತ ಹಸಿರು ಚೌಕ ಹಾಕುತ್ತಿತ್ತು. ಸೆರಗು, ಮಾಸ್ಕ್, ದಪ್ಪ ಕನ್ನಡಕದ ಅತ್ತೆ ಅದರ ಮುಂದೆ ನಿಂತರೆ ಚೌಕವೇ ಬರಲಿಲ್ಲ. ಕೈ ಒಡ್ಡಿದರೆ ನೀರು ಬರುವ ನಲ್ಲಿ ಅವರ ಕೈಗೆ ಬಾಯಿ ಬಿಡಲಿಲ್ಲ. ಲಿಫ್ಟಿನ ಹತ್ತಿರ ದಿನವೂ ನಗುತ್ತಿದ್ದ ಪಕ್ಕದ ಮನೆಯ ಜಪಾನಿ ಅಜ್ಜಿ ಆ ದಿನ ಇವರ ಕಡೆ ನೋಡದೆ ಒಬ್ಬರೇ ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡರು. ಲಿಫ್ಟಿನಲ್ಲಿ ಒಬ್ಬೊಬ್ಬರೇ ಹೋಗಿ, ಮಾತಾಡಬೇಡಿ ಎಂದು ಗೋಡೆಗೆ ಅಂಟಿಸಿದ್ದರು. ಆದರೆ ಅತ್ತೆಗೆ ಜಪಾನಿ ಓದಲು ಬರುವುದಿಲ್ಲ.

ಅಂದು ಸಂಜೆ ಬೀದಿಯ ಕಂಬಗಳ ಮೈಕಿನಿಂದ ದಿನದಂತೆ ಐದು ಗಂಟೆಯ ಸಂಗೀತ ಕೇಳಿಬಂತು. ಅದು ಮಕ್ಕಳೇ ಆಟ ಸಾಕು, ಮನೆಗೆ ಹೋಗಿ ಎನ್ನುವ ಸಂಗೀತ. ಕೆಳಗಿನ ಪಾರ್ಕಿನಲ್ಲಿ ಒಂದು ಮಗುವೂ ಇರಲಿಲ್ಲ. ಆದರೂ ಉಯ್ಯಾಲೆ ಅಲ್ಲಾಡುತ್ತಿತ್ತು. ಅತ್ತೆ ಕಿಟಕಿಯಲ್ಲಿ ನಿಂತು ನೋಡುತ್ತ ನನ್ನ ಹೆಂಡತಿಗೆ ಹೇಳಿದರು:

"ನಾನು ಯಾವಾಗ ಹೋದೆ ಅಂತಾನೇ ಗೊತ್ತಾಗ್ಲಿಲ್ವಲ್ಲೇ."

ಹೆಂಡತಿ ಕಂಕುಳಲ್ಲಿಡುವ ಥರ್ಮಾಮೀಟರ್ ತಂದು ಇಟ್ಟಳು. ಅದು ಸರಿಯಾಗಿಯೇ ತೋರಿಸಿತು.

"ಒಂದು ಹೌದು ಅಂತು, ಒಂದು ಇಲ್ಲ ಅಂತು. ಅಂದ್ರೆ ಅರ್ಧ ಹೋಗಿದೀನಿ" ಎಂದರು ಅತ್ತೆ. ಆಮೇಲೆ ಅವರ ದನಿ ಸಣ್ಣಗಾಯಿತು. "ಏರ್‌ಪೋರ್ಟಿನಲ್ಲೂ ಹಿಂಗೇ ಬಂದ್ರೆ ಹತ್ತಿಸ್ಕೊಳ್ತಾರೇನೇ? ಹತ್ತಿಸ್ಕೊಂಡ್ರೂ ಹಿಂಗಿರೋಳು ಕೂಸು ಹುಟ್ಟೋ ಮನೆಗೆ ಹೋಗಬಹುದಾ?"

ಅವರ ಕಣ್ಣಲ್ಲಿ ನೀರಿತ್ತು. ಹೆಂಡತಿ ತಾಯಿಯ ಭುಜ ಹಿಡಿದು, "ಅಮ್ಮ, ದೆವ್ವಗಳು ಬೆಳಿಗ್ಗೆ ಎದ್ದು ಸ್ಟ್ರಾಂಗ್ ಕಾಫಿ ಕೇಳಲ್ಲ" ಎಂದಳು.

ಅತ್ತೆ ಕಣ್ಣೊರೆಸಿಕೊಂಡು, "ನೀನು ಆಗಿ ನೋಡಿದೀಯಾ?" ಎಂದರು.

ವಿಮಾನ ನಿಲ್ದಾಣದಲ್ಲಿ

ಚಳಿ ಶುರುವಾಗುವ ಹೊತ್ತಿಗೆ ಸೀಟು ಸಿಕ್ಕಿತು. ಹೆಂಡತಿ ಕೂಸಿನೊಂದಿಗೆ ಮನೆಯಲ್ಲುಳಿದಳು, ಅತ್ತೆಯನ್ನು ಬಿಡಲು ನಾನು ಹೋದೆ. ಅಷ್ಟು ದೊಡ್ಡ ಕಟ್ಟಡದಲ್ಲಿ ಅಂಗಡಿಗಳೆಲ್ಲ ಮುಚ್ಚಿದ್ದವು, ನಮ್ಮ ಪೆಟ್ಟಿಗೆಯ ಗಾಲಿಯ ಸದ್ದೇ ಹಿಂದಿನಿಂದ ಯಾರೋ ಬಂದಂತೆ ಕೇಳುತ್ತಿತ್ತು. ಅತ್ತೆ ದಾರಿಯುದ್ದಕ್ಕೂ ಮಂಕಿ ಕ್ಯಾಪನ್ನು ಹುಬ್ಬಿನವರೆಗೆ ಎಳೆದುಕೊಂಡು ಕಣ್ಣು ಮುಚ್ಚಿ ಏನೋ ಜಪಿಸುತ್ತಿದ್ದರು.

ಬಿಳಿ ನಿಲುವಂಗಿ ತೊಟ್ಟ ಅಧಿಕಾರಿ ಟೋಪಿ ಮೇಲೆ ಸರಿಸಲು ಸನ್ನೆ ಮಾಡಿ ಹಣೆಗೆ ಪಿಸ್ತೂಲು ಹಿಡಿದರು. ಪಿಸ್ತೂಲು ಕೆಂಪಾಗಿ ಕಿರುಚಿಕೊಂಡಿತು. ನಲವತ್ತೊಂದು! ಸಾಲಿನಲ್ಲಿದ್ದವರೆಲ್ಲ ಎರಡು ಹೆಜ್ಜೆ ಹಿಂದೆ ಹೋದರು. ಅತ್ತೆಯನ್ನು ಹಗ್ಗ ಕಟ್ಟಿದ ಮೂಲೆಯ ಒಂಟಿ ಕುರ್ಚಿಯಲ್ಲಿ ಕೂರಿಸಿದರು. ಮುಗಿಯಿತು, ಇನ್ನು ಮೈಸೂರೂ ಇಲ್ಲ, ಮಗಳ ಹೆರಿಗೆಯೂ ಇಲ್ಲ ಎಂದುಕೊಂಡೆ.

ಅಧಿಕಾರಿ ಟೋಪಿ ಪೂರ್ತಿ ತೆಗೆಯಲು ಹೇಳಿದರು. ತೆಗೆದರೆ, ಪುಟ್ಟ ಬಿಳಿ ಚೀಲವೊಂದು ಅವರ ಬೂಟಿನ ಮೇಲೆ ಬಿತ್ತು. ಚಳಿಗಾಲದಲ್ಲಿ ಇಲ್ಲಿ ಕೊಂಬಿನಿ ಎನ್ನುವ ಸಣ್ಣ ಅಂಗಡಿಗಳಲ್ಲಿ ಸಿಗುತ್ತದಲ್ಲ, ಗಾಳಿ ತಾಗಿದರೆ ತಾನೇ ಬಿಸಿಯಾಗುವ ಚೀಲ, ಅದು.

"ಏನಿದು ಅತ್ತೆ?"

"ಶಾಖ ಕೊಟ್ಕೊಂಡೆ. ತಣ್ಣಗಿದ್ರೆ ಸತ್ತೋಳು ಅಂತ ವಾಪಸ್ ಕಳಿಸಿದ್ರೆ?"

"ಅವರೇನಂತಾರೆ?" ಎಂದು ಅಧಿಕಾರಿ ನನ್ನನ್ನು ಕೇಳಿದರು. ನನಗೆ ಬರುವ ಜಪಾನಿ ಆಫೀಸಿನ ಮೀಟಿಂಗಿನದು. ಅದರಲ್ಲೇ ಬಹಳ ವಿನಯದಿಂದ ವಿವರಿಸಿದೆ: ಇವರಿಗೆ ಜ್ವರವಿಲ್ಲ. ತಾವು ತೀರಿಕೊಂಡಿರಬಹುದೆಂಬ ಸಂಶಯ ಇವರಿಗೆ ಕೆಲವು ಕಾಲದಿಂದ ಇದೆ. ಅಧಿಕಾರಿಗಳಾದ ತಮಗೆ ತೊಂದರೆಯಾಗಬಾರದೆಂದು ಮುಂಚಿತವಾಗಿ ಬಿಸಿ ಮಾಡಿಕೊಂಡು ಬಂದಿದ್ದಾರೆ.

"ಹಾಯ್, ಹಾಯ್" ಎಂದು ತಲೆಯಾಡಿಸುತ್ತಿದ್ದ ಅಧಿಕಾರಿಯ ತಲೆ ನಿಂತುಹೋಯಿತು. ಅತ್ತೆಯ ಕಾಲಿನ ಕಡೆ ಒಮ್ಮೆ ನೋಡಿದರು. ಇನ್ನೊಬ್ಬ ಅಧಿಕಾರಿಯನ್ನು ಕರೆದರು. ಇಬ್ಬರೂ ಸೇರಿ ಅತ್ತೆಯನ್ನು ನೋಡುತ್ತ ನಿಂತರು. ಹಣೆ ಆರುವವರೆಗೂ ಕಾದರು.

ಮತ್ತೆ ಪಿಸ್ತೂಲು ಹಿಡಿದರು. ಅತ್ತೆ ನನ್ನ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದರೆಂದರೆ ಉಗುರು ನಾಟಿತು. ಹಸಿರು ದೀಪ ಹತ್ತಿತು. ಅಧಿಕಾರಿ ಎರಡು ಹೆಜ್ಜೆ ಹಿಂದೆ ಸರಿದು, ಸೊಂಟ ಬಗ್ಗಿಸಿ ನಮಸ್ಕರಿಸಿ, ಒಂದೊಂದೇ ಪದ ಬಿಡಿಸಿ ಏನೋ ಹೇಳಿದರು.

"ಏನಂತೆ ಅಳಿಯಂದ್ರೇ?"

"ನೀವು ಬದುಕಿದೀರಂತೆ ಅತ್ತೆ. ಯಾವ ಸಂಶಯಾನೂ ಬೇಡವಂತೆ. ಹೊರಡಬಹುದಂತೆ."

ಅತ್ತೆ ಕಣ್ಣು ಮುಚ್ಚಿ ಉಸಿರು ಬಿಟ್ಟರು, ಸೆರಗಿನಿಂದ ಮುಖ ಒರೆಸಿಕೊಂಡರು. ಪೆಟ್ಟಿಗೆ ಎಳೆದುಕೊಂಡು ಗಾಜಿನ ಬಾಗಿಲವರೆಗೆ ಹೋದವರು ಗಕ್ಕನೆ ನಿಂತು ತಿರುಗಿದರು.

"ಅಳಿಯಂದ್ರೇ, ಅದನ್ನೇ ಒಂದು ಹಾಳೇಲಿ ಬರೆದು ಸಹಿ ಹಾಕಿ ಕೊಡ್ತಾರಾ ಕೇಳಿ. ಪೆನ್ಶನ್ನಿಗೆ ಪ್ರತಿ ನವೆಂಬರಿನಲ್ಲೂ ನಮ್ಮ ಬ್ಯಾಂಕಿನೋರು ಲೈಫ್ ಸರ್ಟಿಫಿಕೇಟ್ ಕೇಳ್ತಾರೆ. ಅವರು ನನ್ನನ್ನ ನೋಡಿದ್ರೂ ನಂಬಲ್ಲ."