ಕಾಂಗ್ ಮೇಷ್ಟ್ರ ಮರ್ಯಾದೆಯ ಪಾಠ

ಆ ದಿನದ ಅನಾಹುತಕ್ಕೆಲ್ಲ ಮೂಲ, ಕಾಂಗ್ ಮೇಷ್ಟ್ರ ಬಾಯಿಂದ ತಾನಾಗಿ ಜಾರಿದ ಒಂದು ‘ಛೆ ಛೆ’. ಬೆಳಿಗ್ಗೆ ಅವರು ಶಾಲೆಯ ಬಾಗಿಲಲ್ಲಿ ಸೈಕಲ್ಲಿನಿಂದ ಇಳಿಯುತ್ತಿದ್ದಾಗಲೇ ಶಾಲೆ ನಡೆಸುತ್ತಿದ್ದ ಸಿಸ್ಟರ್ ಲುದ್ವೀನಾ ಎದುರಾಗಿ, ಮುಖ್ಯ ಮೇಷ್ಟ್ರ ಕೆಲಸ ಖಾಲಿಯಾಗಿದೆ, ನೀವು ಬರುತ್ತೀರಾ ಎಂದು ಕೇಳಿದರು.

“ಛೆ ಛೆ, ನಾನೆಲ್ಲಿ, ಆ ಕುರ್ಚಿ ಎಲ್ಲಿ. ನನಗಿಂತ ಯೋಗ್ಯರು ಬೇಕಾದಷ್ಟು ಜನ ಇದ್ದಾರೆ,” ಎಂದರು ಮೇಷ್ಟ್ರು.

ನಮ್ಮ ತೈಚುಂಗ್ ಊರಿನಲ್ಲಿ ಹುಟ್ಟಿದವರು ಯಾರೇ ಆಗಲಿ ಹಾಗೇ ಅನ್ನುತ್ತಿದ್ದರು. ಸಿಸ್ಟರ್ ಕೂಡ ಇಲ್ಲಿಯವರೇ ಆಗಿದ್ದರೆ ಇನ್ನೆರಡು ಸಲ ಕೇಳುತ್ತಿದ್ದರು, ಮೇಷ್ಟ್ರು ಒಲ್ಲದ ಮನಸ್ಸಿನವರಂತೆ ಒಪ್ಪಿಕೊಳ್ಳುತ್ತಿದ್ದರು, ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಸಿಸ್ಟರ್ ಬೆಲ್ಜಿಯಮ್ಮಿನವರು. ಹಾಗಾದರೆ ಪರವಾಗಿಲ್ಲ ಎಂದು ನಕ್ಕು ಹೊರಟೇ ಹೋದರು.

ಆ ಶಾಲೆ ಈಗಿಲ್ಲ. ಎಲ್ಲೆಲ್ಲಿಂದಲೋ ಬಂದ ಪಾದ್ರಿಗಳು, ಸನ್ಯಾಸಿನಿಯರು ಅಲ್ಲಿ ನಮ್ಮ ತೈವಾನಿನ ಮಾತು ಕಲಿಯುತ್ತಿದ್ದರು. ಮೇಷ್ಟ್ರು ಹೇಳಿದ್ದನ್ನು ಇಡೀ ತರಗತಿ ರಾಗವಾಗಿ ಒಪ್ಪಿಸಬೇಕು, ಅದೇ ಅಲ್ಲಿನ ಪದ್ಧತಿ. ಬೇಸಿಗೆಯಲ್ಲಿ ಕಿಟಕಿ ತೆಗೆದಿರುತ್ತಿದ್ದರಿಂದ “ಪೇರಲೆಹಣ್ಣು ಹೇಗೆ ಕೊಟ್ಟಿರಿ?” ಎಂದು ಗಡ್ಡದ ಪಾದ್ರಿಗಳೆಲ್ಲ ಒಟ್ಟಿಗೆ ಕೇಳುವುದು ಓಣಿಗೆಲ್ಲ ಕೇಳುತ್ತಿತ್ತು. ಒಮ್ಮೆ ಹಣ್ಣಿನ ಗಾಡಿಯವಳು ಒಳ್ಳೆ ಗಿರಾಕಿಗಳೆಂದು ಬುಟ್ಟಿ ಹೊತ್ತು ತರಗತಿಗೇ ಬಂದಿದ್ದಳು.

ಮುಖ್ಯ ಮೇಷ್ಟ್ರ ಕೆಲಸಕ್ಕಿಂತ ದೊಡ್ಡದು ಅದರ ಜೊತೆಗೆ ಸಿಗುತ್ತಿದ್ದ ಮನೆ. ಶಾಲೆಯ ಹಿಂದೆ, ಎರಡು ಕೋಣೆ, ಸ್ವಂತ ಅಡುಗೆಮನೆ. ಕಾಂಗ್ ಮೇಷ್ಟ್ರ ಸಂಸಾರ ಮದುವೆಯಾದಾಗಿನಿಂದ ಒಂದೇ ಕೋಣೆಯಲ್ಲಿತ್ತು. ಒಲೆಯನ್ನು ಪಕ್ಕದ ಕೋಣೆಯ ಸುನ್ ಚಿಕ್ಕಮ್ಮನ ಜೊತೆ ಹಂಚಿಕೊಳ್ಳಬೇಕು. ಚಿಕ್ಕಮ್ಮ ಬೀದಿಯಲ್ಲಿ ಕರಿದ ತೋಫು ಮಾರುವವಳು. ಅವಳ ಬಾಣಲೆ ಇಳಿಯುವವರೆಗೆ ಮೇಷ್ಟ್ರ ಮನೆಯಲ್ಲಿ ಗಂಜಿ ಏರುವಂತಿರಲಿಲ್ಲ. ಮೇಷ್ಟ್ರ ಹೆಂಡತಿ ಗ್ಯೋಕ್‌ಲಾನ್ ಆ ಮನೆಯನ್ನು ಕಿಟಕಿಯಿಂದ ಇಣುಕಿ ನೋಡಿ, ಒಲೆ ಎಲ್ಲಿಡುವುದೆಂದು ಆಗಲೇ ತೀರ್ಮಾನಿಸಿದ್ದಳು.

ಹತ್ತು ಗಂಟೆಯ ಚಹಾದ ಹೊತ್ತಿಗೆ ಸಿಸ್ಟರ್ ಕೆಲಸವನ್ನು ಸಿಯಾ ಮೇಷ್ಟ್ರಿಗೆ ಕೊಡಲು ಹೋದ ಸುದ್ದಿ ಬಂತು. ಸಿಯಾ ಬ್ರಹ್ಮಚಾರಿ, ಮೀನು ಹಿಡಿಯುವ ಹುಚ್ಚಿನವರು. ಮುಖ್ಯ ಮೇಷ್ಟ್ರಾದರೆ ಸಂಜೆ ಕೆರೆಯ ದಂಡೆಗೆ ಹೋಗುವುದು ತಪ್ಪುತ್ತದೆ, ನನಗೆ ಖಂಡಿತ ಬೇಡ ಎಂದು ಅವರು ಕಡ್ಡಿ ಮುರಿದಂತೆ ಹೇಳಿದ್ದರಂತೆ. ಕಾಂಗ್ ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು.

ಮಧ್ಯಾಹ್ನ ಊಟಕ್ಕೆ ಹೋದಾಗ ಹೆಂಡತಿಯ ಮುಂದೆ ಎಲ್ಲ ಹೇಳಿಕೊಂಡರು.

“ಬೇಕು ಅಂತ ಒಂದು ಮಾತು ಹೇಳೋಕೆ ನಿಮ್ಮ ಗಂಟೇನು ಹೋಗ್ತಿತ್ತು?” ಎಂದಳು ಗ್ಯೋಕ್‌ಲಾನ್.

“ಮೊದಲ ಸಲಕ್ಕೇ ಬೇಕು ಅನ್ನೋಕೆ ನಾನೇನು ಮರ್ಯಾದೆ ಬಿಟ್ಟವನಾ?”

ಈ ಮಾತು ತೆಳು ಹಲಗೆಯ ಗೋಡೆಯ ಆಚೆಗಿದ್ದ ಸುನ್ ಚಿಕ್ಕಮ್ಮನಿಗೂ ಕೇಳಿಸಿತು. ಒಲೆ ಪೂರ್ತಿ ತನ್ನದಾಗುವ ಕಾಲ ಕೈತಪ್ಪುವುದನ್ನು ನೋಡಿಕೊಂಡು ಅವಳು ಸುಮ್ಮನಿರಲಾದೀತೇ? ಇಂಥದ್ದನ್ನೆಲ್ಲ ನಡುವಿನವರೇ ಮಾತಾಡಬೇಕು, ನೀನು ಬಾಯಿ ಮುಚ್ಚಿಕೊಂಡಿರಪ್ಪಾ ಎಂದು ಮೇಷ್ಟ್ರಿಗೆ ಹೇಳಿ, ಒಂದು ಪೊಟ್ಟಣ ಬಿಸಿ ತೋಫು ಕಟ್ಟಿಕೊಂಡು ಶಾಲೆಗೆ ನಡೆದಳು. ಅಲ್ಲಿ ಸಿಸ್ಟರ್ ಮುಂದೆ ಕೂತು, ಅಡುಗೆಮನೆಯ ಹೊಗೆ, ಗ್ಯೋಕ್‌ಲಾನಳ ಕೆಮ್ಮು, ಮಕ್ಕಳು ಕಾಲು ಮಡಚಿ ಮಲಗುವುದು, ಹೀಗೆ ಊರೆಲ್ಲ ಸುತ್ತಿ ಬಂದಳು. ಕೆಲಸದ ವಿಷಯ ಮಾತ್ರ ಎತ್ತಲಿಲ್ಲ. ನೇರವಾಗಿ ಹೇಳಿದರೆ ಅದೆಂಥ ಮಧ್ಯಸ್ಥಿಕೆ?

ಆದರೂ ಸಿಸ್ಟರ್‌ಗೆ ಏನೋ ಹೊಳೆಯಿತು. ಮೇಷ್ಟ್ರು ಹಿಂತಿರುಗುತ್ತಲೇ ಶಿಕ್ಷಕರ ಕೋಣೆಗೆ ಬಂದು, ಎಲ್ಲರೆದುರಿಗೇ ಕೇಳಿದರು.

“ಕಾಂಗ್ ಮೇಷ್ಟ್ರೇ, ಮುಖ್ಯ ಮೇಷ್ಟ್ರ ಕೆಲಸ ನಿಮಗೆ ಬೇಕಾಗಿತ್ತಾ?”

ಕೋಣೆಯಲ್ಲಿದ್ದವರೆಲ್ಲ ಚಹಾದ ಲೋಟ ಹಿಡಿದಲ್ಲೇ ಹಿಡಿದು ಕೂತರು. ಮೇಷ್ಟ್ರ ಮುಖ ಕೆಂಪಾಯಿತು. ತೋಫು ಕಳಿಸಿ ಕೆಲಸ ಕೇಳಿದ ಅನ್ನಿಸಿಕೊಳ್ಳಬೇಕೇ? “ಛೆ ಛೆ, ಯಾರು ಹೇಳಿದ್ದು ಹಾಗೆ,” ಎಂದರು. ಹಾಗಂದಮೇಲೆ ಅವರಿಗೆ ತಮ್ಮ ನಾಲಿಗೆಯನ್ನೇ ಕಚ್ಚಿಕೊಳ್ಳುವಂತಾಯಿತು. ಸಿಸ್ಟರ್ ತಪ್ಪಾಯಿತೆಂದು ಹೇಳಿ ಹೋದರು.

ಆಗ ಮೇಷ್ಟ್ರಿಗೆ ಉಪಾಯವೊಂದು ತೋಚಿತು. ಸಿಸ್ಟರ್ ಮಧ್ಯಾಹ್ನದ ತರಗತಿಯಲ್ಲಿ ಕೊನೆಯ ಸಾಲಿನಲ್ಲಿ ತಾವೂ ವಿದ್ಯಾರ್ಥಿನಿಯಾಗಿ ಕೂರುತ್ತಿದ್ದರು. ಬಾಯಿಬಿಟ್ಟು ಕೇಳಲಾಗದ್ದನ್ನು ಪಾಠವಾಗಿ ಕಲಿಸಿದರೆ ಯಾರೇನು ಅನ್ನುತ್ತಾರೆ? ಕರಿಹಲಗೆಯ ಮೇಲಿದ್ದ ಸಂತೆಯ ಪಾಠವನ್ನು ಒರೆಸಿ, ಇವತ್ತು ನಮ್ಮವರ ಮರ್ಯಾದೆಯ ಬಗ್ಗೆ ಹೇಳುತ್ತೇನೆ, ಯಾರಾದರೂ ನನಗೆ ಏನಾದರೂ ಕೊಡುತ್ತೇನೆ ಅನ್ನಿ ಎಂದರು.

ಸಿಸ್ಟರ್ ಎದ್ದು ನಿಂತರು. “ಕಾಂಗ್ ಮೇಷ್ಟ್ರೇ, ನಮ್ಮ ಶಾಲೆಗೆ ನೀವು ಮುಖ್ಯ ಮೇಷ್ಟ್ರಾಗ್ತೀರಾ?”

ಮೇಷ್ಟ್ರಿಗೆ ಒಳಗೊಳಗೇ ಹಿಗ್ಗು. ಬಾಣ ಸರಿಯಾಗಿಯೇ ತಾಗಿತ್ತು. ಆದರೂ ಪಾಠ ಪಾಠವೇ, ಮೊದಲು ಮಾದರಿ ತೋರಿಸಬೇಕಲ್ಲ. ಸೊಂಟ ಬಗ್ಗಿಸಿ, ಎರಡೂ ಕೈ ಆಡಿಸಿ, “ಛೆ ಛೆ, ನಾನು ಅದಕ್ಕೆ ಯೋಗ್ಯನಲ್ಲ,” ಎಂದು ಸೊಗಸಾಗಿ ಹೇಳಿದರು. ಇಡೀ ತರಗತಿ ಎದ್ದು ಬಗ್ಗಿ, “ಛೆ ಛೆ, ನಾನು ಅದಕ್ಕೆ ಯೋಗ್ಯನಲ್ಲ,” ಎಂದು ಓಣಿಗೆ ಕೇಳುವಂತೆ ಒಪ್ಪಿಸಿತು.

ಇದು ಬರೀ ಬಾಯಿಮಾತು ಎಂದು ಮೇಷ್ಟ್ರು ವಿವರಿಸಿದರು. ಮೊದಲ ಸಲ ಬೇಡ ಅನ್ನುವುದು ಮರ್ಯಾದೆಗೆ, ಎರಡನೆಯ ಸಲವೂ ಮರ್ಯಾದೆಗೆ. ಮೂರನೆಯ ಸಲ ಕೇಳಿದಾಗ ಮನಸ್ಸಿನಲ್ಲಿದ್ದದ್ದು ಹೊರಗೆ ಬರುತ್ತದೆ. ಅದಕ್ಕೇ ನಮ್ಮವರನ್ನು ಒಂದೇ ಸಲ ಕೇಳಿ ಬಿಡಬಾರದು ಎಂದು ಕೊನೆಯ ಸಾಲಿನ ಕಡೆಗೇ ನೋಡಿ ಹೇಳಿದರು.

ಜರ್ಮನಿಯ ಪಾದ್ರಿಯೊಬ್ಬರು ಕೈ ಎತ್ತಿದರು. “ಮೂರನೇ ಸಲಾನೂ ಬೇಡ ಅಂದ್ರೆ?”

“ಅಂದ್ರೆ ನಿಜವಾಗ್ಲೂ ಬೇಡ ಅಂತ. ಆಮೇಲೂ ಕೇಳಿದ್ರೆ ಅವರಿಗೆ ಅವಮಾನ ಮಾಡಿದ ಹಾಗೆ.”

ಸಿಸ್ಟರ್ ಬೆರಳು ಮಡಚಿ ಏನೋ ಎಣಿಸಿಕೊಂಡರು. ಅವರ ಮುಖ ಅರಳಿತು. ಪಾಠ ಮುಗಿಯುತ್ತಲೇ ನೇರವಾಗಿ ಮೇಷ್ಟ್ರ ಮೇಜಿನ ಬಳಿ ಬಂದರು. ಮೇಷ್ಟ್ರು ಅಂಗಿ ಸರಿಮಾಡಿಕೊಂಡು ನಿಂತರು.

“ನನ್ನನ್ನ ಕ್ಷಮಿಸಿ ಮೇಷ್ಟ್ರೇ,” ಎಂದರು ಸಿಸ್ಟರ್. “ಬೆಳಿಗ್ಗೆ ಕೇಳಿದೆ, ಊಟ ಆದ್ಮೇಲೆ ಕೇಳಿದೆ, ಈಗ ಪಾಠದಲ್ಲೂ ಕೇಳಿದೆ. ಮೂರು ಸಲಾನೂ ಬೇಡ ಅಂದ್ರಿ. ಇನ್ನು ನಿಮಗೆ ಅವಮಾನ ಮಾಡಲ್ಲ. ಆದ್ರೆ ನೋಡಿ, ಸಿಯಾ ಮೇಷ್ಟ್ರನ್ನ ನಾನು ಒಂದೇ ಸಲ ಕೇಳಿ ಬಿಟ್ಟಿದ್ದೀನಿ.”

ಈಗಲಾದರೂ ನನಗೇ ಬೇಕು ಅನ್ನಬಹುದಿತ್ತು. ಹಾಗನ್ನುವುದಕ್ಕಿಂತ ನಮ್ಮ ಕಾಂಗ್ ಮೇಷ್ಟ್ರಿಗೆ ಬಟ್ಟೆ ಬಿಚ್ಚಿ ಸಂತೆಯಲ್ಲಿ ನಡೆಯುವುದು ಸುಲಭವಾಗಿತ್ತು. ಅಷ್ಟರಲ್ಲಿ ಸಿಸ್ಟರ್ ಅಂಗಳಕ್ಕೆ ಇಳಿದಾಗಿತ್ತು.

ಸಿಯಾ ಸೈಕಲ್ಲಿಗೆ ಗಾಳದ ಕೋಲು ಕಟ್ಟುತ್ತಿದ್ದರು. ಎರಡನೆಯ ಸಲ ಕೇಳಿದ್ದಕ್ಕೆ ಖಂಡಿತ ಬೇಡ ಎಂದರು. ಮೂರನೆಯ ಸಲ ಸಿಸ್ಟರ್ ಆ ಉರಿಬಿಸಿಲಲ್ಲಿ, ಆಗತಾನೇ ಕಲಿತಂತೆ ಸೊಂಟದವರೆಗೆ ಬಗ್ಗಿ ನಿಂತೇಬಿಟ್ಟರು. ಕಿಟಕಿಗಳ ತುಂಬ ಪಾದ್ರಿಗಳ ತಲೆ. ತಾಯಿಯಷ್ಟು ವಯಸ್ಸಿನ ಹೆಂಗಸು ಹಾಗೆ ಬಗ್ಗಿದಾಗ ಬೇಡ ಅನ್ನುವ ಎದೆಗಾರಿಕೆ ನಮ್ಮ ಊರಿನ ಯಾವ ಮಗನಿಗಿದೆ? ಸಿಯಾ ಕೋಲು ಬಿಚ್ಚಿಟ್ಟು, ಕಿಟಕಿಯಲ್ಲಿದ್ದ ಕಾಂಗ್ ಮೇಷ್ಟ್ರನ್ನು ಹುಳಿ ಮಾವು ಕಚ್ಚಿದವರಂತೆ ನೋಡಿ, ಆಗಲಿ ಎಂದರು.

ಸಿಸ್ಟರ್ ಕುಣಿಯುವವರ ಹಾಗೆ ಹಿಂತಿರುಗಿದರು. ಇಷ್ಟು ವರ್ಷ ಇಲ್ಲಿದ್ದೂ ಅರ್ಥವಾಗದ ನಿಮ್ಮ ಜನ ಇವತ್ತು ಅರ್ಥವಾದರು, ಇದೆಲ್ಲ ನೀವು ಕಲಿಸಿದ್ದೇ ಎಂದು ಮೇಷ್ಟ್ರ ಎರಡೂ ಕೈ ಹಿಡಿದುಕೊಂಡರು.

“ಛೆ ಛೆ, ನಾನೇನು ಕಲಿಸಿದೆ,” ಎಂದರು ಕಾಂಗ್ ಮೇಷ್ಟ್ರು.

ಸಿಸ್ಟರ್ ಬಿಡಲಿಲ್ಲ. ಅದೇ ಮಾತನ್ನು ಎರಡನೆಯ ಸಲ ಹೇಳಿದರು, ಮೂರನೆಯ ಸಲವೂ ಹೇಳಿದರು. ಮೂರನೆಯ ಸಲಕ್ಕೆ ಮೇಷ್ಟ್ರು ಒಪ್ಪಿಕೊಂಡರು.