ನಾಪತ್ತೆಯಾದ ಕೊನೆಯ ದಿನಾಂಕದವರಿಗೆ ಗಜೇಂದ್ರಗಡದಿಂದ ಒಂದು ತಕರಾರು

ಪರಮಪೂಜ್ಯ ಕೊನೆಯ ದಿನಾಂಕದವರ ಸನ್ನಿಧಾನಕ್ಕೆ,
ಹಾಲಿ ವಿಳಾಸ ತಿಳಿಯದು.

ಮಾನ್ಯರೇ,

ಗಜೇಂದ್ರಗಡದ ಕೈಮಗ್ಗ ನೇಕಾರನಾದ ಚಂದ್ರಶೇಖರಪ್ಪನೆಂಬ ನಾನು ತಮಗೆ ಎರಡೂ ಕೈ ಮುಗಿದು, ತಾವು ಎಲ್ಲಿದ್ದರೂ ಕ್ಷೇಮವಾಗಿರುವಿರೆಂದು ನಂಬಿ, ನಮ್ಮ ಮನೆಯ ಕ್ಷೇಮವನ್ನು ಮಾತ್ರ ಅಷ್ಟು ಖಾತ್ರಿಯಿಂದ ಬರೆಯಲಾರದೆ, ಈ ಪತ್ರವನ್ನು ಅರ್ಪಿಸುತ್ತಿದ್ದೇನೆ. ಇದನ್ನು ಬಹಿರಂಗವಾಗಿ ಏಕೆ ಬರೆಯಬೇಕಾಯಿತೆಂದರೆ, ಗದಗಿನ ಕಾಲೇಜಿನ ಕಚೇರಿಯಲ್ಲಿ ತಮ್ಮನ್ನು ವಿಚಾರಿಸಿದಾಗ, ಅಂಥವರು ನಮ್ಮಲ್ಲಿ ಯಾರೂ ಇಲ್ಲ ಎಂದುಬಿಟ್ಟರು.

ನಮ್ಮಿಬ್ಬರ ಪರಿಚಯ ನಿನ್ನೆ ಮೊನ್ನೆಯದಲ್ಲ. ನಮ್ಮ ಓಣಿಯಲ್ಲಿ ಯಾರದೇ ಅರ್ಜಿಯಿದ್ದರೂ ಬರೆದುಕೊಡುವವನು ನಾನೇ. ಪಡಿತರ ಚೀಟಿಯಿರಲಿ, ವಿದ್ಯಾರ್ಥಿವೇತನವಿರಲಿ, ಬೆಳವಣಕಿಯ ಬೀಗರ ಬೆಳೆವಿಮೆಯಿರಲಿ, ತಾವು ಬಂದು ಹೊಸ್ತಿಲ ಮೇಲೆ ನಿಲ್ಲುವವರೆಗೂ ನಾನು ಪೆನ್ನಿನ ಟೋಪಿ ತೆಗೆದವನಲ್ಲ. ತಾವು ಬಂದ ದಿನ ಮಾತ್ರ, ಕಚೇರಿಯ ಕಿಟಕಿ ಮುಚ್ಚುವ ಹೊತ್ತಿಗೆ ಸರಿಯಾಗಿ ಕೈ ತೂರಿಸಿ ಅರ್ಜಿ ಒಳಗೆ ಹಾಕಿ ಬರುವುದರಲ್ಲಿ ಇಪ್ಪತ್ತೆರಡು ವರ್ಷಗಳಲ್ಲಿ ಒಮ್ಮೆಯೂ ತಪ್ಪಿಲ್ಲ. ಎಷ್ಟೋ ಸಲ ನಾನು ಏದುಸಿರು ಬಿಡುತ್ತ ಓಡಿ ಹೋದರೆ, ತಾವೇ ದೊಡ್ಡ ಮನಸ್ಸು ಮಾಡಿ ಹದಿನೈದು ದಿನ ಮುಂದಕ್ಕೆ ಹೋಗಿರುತ್ತಿದ್ದಿರಿ. ಅಷ್ಟು ಕರುಣಾಳುಗಳಾದ ತಾವು, ನನ್ನ ಸ್ವಂತ ಮಗಳ ಸರದಿ ಬಂದಾಗ ಮುಖವನ್ನೇ ತೋರಿಸಲಿಲ್ಲವಲ್ಲ!

ನನ್ನ ಮಗಳು ಬನಶ್ರೀ ಪಿಯುಸಿ ಮುಗಿಸಿದ್ದಾಳೆ. ಕಿವಿ ಕೇಳಿಸದವರನ್ನು ಪರೀಕ್ಷಿಸಿ ಉಪಚರಿಸುವ ಪದವಿಯೊಂದನ್ನು ಓದಬೇಕೆಂಬುದು ಅವಳ ಒಂದೇ ಹಟ. ಇದನ್ನು ಅವಳಿಗೆ ಹಚ್ಚಿದವಳು ನನ್ನ ತಾಯಿ ಸುಶೀಲವ್ವ. ಐವತ್ತು ವರ್ಷ ಮಗ್ಗದ ಸದ್ದಿನಲ್ಲೇ ಕಳೆದ ಆಕೆಗೆ ಈಗ ನಾವು ಕೂಗಿದ್ದೂ ಕೇಳುವುದಿಲ್ಲ. ಮೊಮ್ಮಗಳು ಎದುರಿಗೆ ಕುಳಿತು ತುಟಿ ಆಡಿಸಿದರಷ್ಟೇ ತಿಳಿಯುತ್ತದೆ. ಆ ಪದವಿಗೆ ಗದಗಿನ ಆ ಕಾಲೇಜಿನಲ್ಲಿ ಇರುವುದು ಇಪ್ಪತ್ತೇ ಸೀಟು. ಜೂನ್ ಮೊದಲ ವಾರ ಅವಳು ತಂದು ತೋರಿಸಿದ ಪ್ರಕಟಣೆಯಲ್ಲಿ, ಅರ್ಜಿಗಳನ್ನು ಬಂದ ಬಂದ ಹಾಗೆ ನೋಡಿ ಸೀಟು ಕೊಡಲಾಗುವುದು, ಸೀಟು ತುಂಬುವವರೆಗೆ ಪ್ರವೇಶ ತೆರೆದಿರುತ್ತದೆ ಎಂದಿತ್ತು. ನಾನು ಹಿಂದೆ ಮುಂದೆ ತಿರುವಿ, ಕನ್ನಡಕ ಒರೆಸಿಕೊಂಡು ಹುಡುಕಿದೆ. ತಾವು ಎಲ್ಲಿಯೂ ಇರಲಿಲ್ಲ.

"ಅಪ್ಪಾ, ನಾಳೆ ಹೋಗೂಣೇನು?" ಎಂದಳು.

"ಕೊನೀ ತಾರೀಖ ಎಲ್ಲೈತಿ ತೋರಸು. ಇಲ್ಲ ಹೌದಿಲ್ಲೊ? ಮತ್ತ ಅವಸರೇನೈತಿ!" ಎಂದೆ.

ಮಾನ್ಯರೇ, ನನ್ನ ಈ ಜಾಣತನದ ಮೂಲ ನಮ್ಮೂರಿನ ಬಸ್ ನಿಲ್ದಾಣದ ಎದುರಿಗಿದೆ. ಅಲ್ಲಿಂದ ರೋಣದ ಕಡೆ ಹೋಗುವ ಟಂಟಂ ಆಟೋ ಕೂಡ ತುಂಬಿದ ಮೇಲೆಯೇ ಹೊರಡುವ ಗಾಡಿ. ಮೊದಲು ಹತ್ತಿದವರು ತಾಸುಗಟ್ಟಲೆ ಬೆವರುತ್ತ ಕೂಡುತ್ತಾರೆ. ತಿಳಿದವರು ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತ ತಲೆ ಎಣಿಸಿ, ಇನ್ನೇನು ಹೊರಟಿತು ಎನ್ನುವಾಗ ಎದ್ದು ಹೋಗಿ, ಚಾಲಕನ ಮಗ್ಗುಲಲ್ಲಿ ಒಂದು ಕಾಲು ಹೊರಗಿಟ್ಟು ಗಾಳಿಗೆ ಕೂಡುತ್ತಾರೆ. ಗಾಡಿ ತುಂಬಿದೆ ಎಂದು ಯಾವ ಚಾಲಕನೂ ಯಾರನ್ನೂ ಬಿಟ್ಟು ಹೋದದ್ದನ್ನು ನಾನು ಈವರೆಗೆ ಕಂಡಿಲ್ಲ. ಕಾಲೇಜು ಕೂಡ ಹಾಗೆಯೇ ತುಂಬಲಿ, ಆಮೇಲೆ ಹೋದರಾಯಿತು ಎಂದು ಮನೆಯವರಿಗೆಲ್ಲ ಬಿಡಿಸಿ ಹೇಳಿದೆ. ಮಗ್ಗಕ್ಕೆ ಏರಿಸಿದ್ದ ಹಾಸು ನೂಲು ಮುಗಿಯಲು ಇನ್ನೂ ಎರಡು ಸೀರೆ ಬಾಕಿಯಿತ್ತು, ಅದೂ ಒಂದು ನೆವವಾಯಿತು. ಬನಶ್ರೀ ದಿನಾಲೂ ಪ್ರಕಟಣೆಯನ್ನು ಮಡಚಿ ಬಿಚ್ಚಿ ಮಾಡುತ್ತಿದ್ದಳು. ನಾನು ಲಾಳಿ ಎಸೆಯುತ್ತಿದ್ದೆ.

ಹೀಗಿರುವಾಗ ಮೂರನೆಯ ವಾರದ ಸೋಮವಾರ, ನಮ್ಮ ಲಾಳಿಗೆ ನೂಲಿನ ಕಂಡಿಕೆ ಸುತ್ತಿಕೊಡುವ ರಮಜಾನಬಿ ತನ್ನ ಮಗಳು ಮಾಬೂಬಿಗೂ ಅದೇ ಪದವಿ ಬೇಕೆಂದು ಖಾಲಿ ಅರ್ಜಿ ಹಿಡಿದು ಬಂದಳು. ಅವಸರವಿಲ್ಲವೆಂದು ನಾನು ಅವಳಿಗೂ ಟಂಟಂ ಪುರಾಣ ಹೇಳಿದೆ.

"ನಂಗ ಚಹಾ ಕುಡದ ಹತ್ತಾಕ ಬರಂಗಿಲ್ರಿ ಅಣ್ಣಾರ. ನಾ ಖಾಲಿ ಗಾಡ್ಯಾಗ ಕುಂದ್ರಾಕಿ. ಈಗ ಬರೀರಿ," ಎಂದಳು.

ಪಾಪ, ತಿಳಿವಳಿಕೆ ಸಾಲದು ಎಂದು ಮನಸ್ಸಿನಲ್ಲೇ ನಕ್ಕು, ದುಂಡಗೆ, ಒಂದೂ ಚಿತ್ತು ಕಾಟು ಇಲ್ಲದಂತೆ ಬರೆದುಕೊಟ್ಟೆ. ಅವಳು ಮರುದಿನ ಮೊದಲ ಬಸ್ಸಿಗೇ ಹೋಗಿ ಕೊಟ್ಟು ಬಂದಳು.

ಬುಧವಾರ ಹಾಸು ಮುಗಿಯಿತು. ಗುರುವಾರ ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮಗಳನ್ನು ಕರೆದುಕೊಂಡು ಗದಗಿಗೆ ಹೋದೆ. ಸೀಟು ಮಂಗಳವಾರವೇ ತುಂಬಿದವೆಂದು ಗುಮಾಸ್ತರು ಬಹಳ ಸೌಜನ್ಯದಿಂದ ಹೇಳಿ, ನನಗೆ ನಂಬಿಕೆ ಬರಲೆಂದು ಇಪ್ಪತ್ತನೆಯ ಅರ್ಜಿಯನ್ನೇ ತೆಗೆದು ತೋರಿಸಿದರು.

"ನೋಡ್ರಿ, ಅರ್ಜಿ ಅಂದ್ರ ಹಿಂಗ ಬರೀಬೇಕು. ಎಷ್ಟ ಚಂದ ಅಕ್ಷರ! ಯಾರ ಬರದಾರೋ ಏನೋ," ಎಂದರು.

ಅದು ಮಾಬೂಬಿಯ ಅರ್ಜಿ. ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ಬನಶ್ರೀ ಅಕ್ಷರ ನೋಡಿದಳು, ನನ್ನನ್ನು ನೋಡಿದಳು, ಕಾಯುವವರ ಪಟ್ಟಿಯಲ್ಲಿ ತನ್ನ ಹೆಸರನ್ನು ಮೊದಲನೆಯದಾಗಿ ಬರೆಸಿ ಹೊರಗೆ ಬಂದಳು. ಬರುವಾಗ ಬಸ್ಸು ರೋಣದಲ್ಲಿ ನಿಂತಿತು. ಅಲ್ಲಿ ಕಿಟಕಿಯಿಂದ ಟಂಟಂಗಳ ಸಾಲು ಕಂಡಾಗ, "ನಮ್ಮ ಗಾಡಿ ಹೋತಪ್ಪಾ" ಎಂದಳು, ಅಷ್ಟೇ. ಅವಳು ಬೈದಿದ್ದರೆ ಚಲೋ ಇತ್ತು. ನನಗೆ ನಾಚಿಕೆಯಾಯಿತು, ಈಗಲೂ ಆಗುತ್ತಿದೆ.

ಸುದ್ದಿ ತಿಳಿದು ರಮಜಾನಬಿ ಓಡಿಬಂದು, ಮಾಬೂಬಿಯ ಸೀಟು ಬಿಡಿಸುತ್ತೇನೆ ಎಂದು ಕಣ್ಣಲ್ಲಿ ನೀರು ತಂದಳು. "ಹುಚ್ಚಿ ಏನ ನೀ? ಆಕಿ ಮೊದಲ ಹತ್ತ್ಯಾಳ, ಆಕೀನ ಕುಂದ್ರಲಿ" ಎಂದು ಬನಶ್ರೀ ಗದರಿಸಿ ಕಳಿಸಿದಳು. ನನ್ನ ತಾಯಿಗೆ ಇದೊಂದೂ ಕೇಳಿಸದೆ, ಮೊಮ್ಮಗಳು ಕಾಲೇಜು ಸೇರಿದಳೆಂದೇ ತಿಳಿದು ಎಲ್ಲರ ಕೈಗೂ ಸಕ್ಕರೆ ಹಾಕಿದಳು. ನಾವು ತಿಂದೆವು.

ಆದಕಾರಣ, ಸರ್ವಶಕ್ತರಾದ ಮಾನ್ಯರೇ, ನನ್ನ ಬಿನ್ನಹ ಸಣ್ಣದು. ತಾವು ಈಗ ಅಡಗಿರುವಲ್ಲಿಂದ ಕೂಡಲೇ ಹೊರಟು, ಹೋದ ತಿಂಗಳು ಸೀಟು ತುಂಬುವ ಮುಂಚಿನ ಸೋಮವಾರಕ್ಕೆ ಹೋಗಿ ಕೂಡಬೇಕು. ಆ ದಿನ ಸಂಜೆ ಕಿಟಕಿ ಮುಚ್ಚುವ ಹೊತ್ತಿಗೆ ನಾನು ವಾಡಿಕೆಯಂತೆ ಓಡಿ ಬರುತ್ತೇನೆ. ಹಿಂದಕ್ಕೆ ಹೋಗಲು ತಮ್ಮ ದೊಡ್ಡಸ್ತಿಕೆ ಅಡ್ಡ ಬರುವುದಾದರೆ, ಪ್ರಾಂಶುಪಾಲರ ಮಗ್ಗುಲಲ್ಲಿ ಇಪ್ಪತ್ತೊಂದನೆಯ ಕುರ್ಚಿಯೊಂದನ್ನಾದರೂ ಹಾಕಿಸಿಕೊಡಬೇಕು. ನನ್ನ ಮಗಳು ಒಂದು ಕಾಲು ಹೊರಗಿಟ್ಟುಕೊಂಡು ಓದಲಿಕ್ಕೂ ತಯಾರಿದ್ದಾಳೆ. ಎರಡೂ ಆಗದಿದ್ದರೆ, ಇನ್ನು ಮುಂದೆ ತಾವು ಇಲ್ಲದ ಕಡೆಯಲ್ಲೆಲ್ಲ "ಇಲ್ಲಿ ನಾನಿಲ್ಲ, ಚಂದ್ರಶೇಖರಪ್ಪ ಇವತ್ತೇ ಹೊರಡತಕ್ಕದ್ದು" ಎಂದು ದಪ್ಪಕ್ಷರದಲ್ಲಿ ಬರೆಸಬೇಕೆಂದು ಬೇಡಿಕೊಳ್ಳುತ್ತೇನೆ.

ಇಷ್ಟಾದರೂ ಇನ್ನೂ ಬುದ್ಧಿ ಬಾರದ, ತಮ್ಮ ವಿಶ್ವಾಸಿ,
ಚಂದ್ರಶೇಖರಪ್ಪ
ನೇಕಾರ ಓಣಿ, ಗಜೇಂದ್ರಗಡ

ತಾ.ಕ.: ತರಗತಿಗಳು ಶುರುವಾಗಿ ಒಂಬತ್ತು ದಿನವಾಯಿತು. ಬನಶ್ರೀ ದಿನಾಲೂ ಬುತ್ತಿ ಕಟ್ಟಿಕೊಂಡು ಮಾಬೂಬಿಯ ಜೊತೆ ಮೊದಲ ಬಸ್ಸು ಹತ್ತುತ್ತಾಳೆ. ಮಾಬೂಬಿ ತರಗತಿಯೊಳಗೆ ಹೋದರೆ ಇವಳು ಕಚೇರಿಯ ಮುಂದಿನ ಬೆಂಚಿನ ಮೇಲೆ ಕೂಡುತ್ತಾಳೆ. ಅಂದಿನ ಪಾಠವನ್ನು ಬರುವಾಗ ಬಸ್ಸಿನಲ್ಲಿ ಬರೆದುಕೊಳ್ಳುತ್ತಾಳೆ. ಹೀಗೆ ಎಂದಿನವರೆಗೆ ಎಂದು ನಿನ್ನೆ ಕೇಳಿದೆ. "ಒಂದ್ ಸೀಟ ಖಾಲಿ ಆಗೂತನಕ. ಅದಕ್ಕೂ ಕೊನೀ ತಾರೀಖ ಇಲ್ಲಪ್ಪಾ, ಕೇಳಕೊಂಡ ಬಂದೀನಿ," ಎಂದಳು.