ಐದು ಸಹಿಯ ಹಳದಿ ಕಾರ್ಡು

ಆ ದಿನದ ಫಜೀತಿಗೆಲ್ಲ ಮೂಲ ಅಂಗೈ ಅಗಲದ ಒಂದು ಹಳದಿ ಕಾರ್ಡು. ಅದರಲ್ಲಿ ಐದು ಖಾಲಿ ಗೆರೆಗಳು, ಅವುಗಳ ತಲೆಯ ಮೇಲೆ ಒಂದೇ ಸಾಲು: ‘ಇವರು ಇಂದು ನನಗೆ “ಆಗಲ್ಲ” ಎಂದು ಹೇಳಿದರು.’ ಐದು ಜನರಿಗೆ ಆಗಲ್ಲ ಎನ್ನಬೇಕು, ಅನ್ನಿಸಿಕೊಂಡವರಿಂದಲೇ ಸಹಿ ಹಾಕಿಸಿಕೊಳ್ಳಬೇಕು, ಸಂಜೆ ಐದಕ್ಕೆ ತಂದೊಪ್ಪಿಸಬೇಕು.

ಅಂಥ ಕಾರ್ಡು ಯಾರ ಕೈಗೆ ಸಿಗಬಾರದಿತ್ತೋ ಅವರ ಕೈಗೇ ಸಿಕ್ಕಿತ್ತು. ನೀರು ಸರಬರಾಜು ಕಚೇರಿಯಲ್ಲಿ ಕೊಳವೆಗಳ ನಕ್ಷೆ ಬರೆಯುವ ಅವರನ್ನು ಎಲ್ಲರೂ ‘ಆಗಲಿ ಸಾರ್’ ಎಂದೇ ಕರೆಯುತ್ತಿದ್ದರು. ಸ್ವಂತ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಯಾರು ಏನು ಕೇಳಿದರೂ, ಕೇಳುವವರ ಮಾತು ಮುಗಿಯುವ ಮೊದಲೇ ಅವರ ಬಾಯಿಂದ ‘ಆಗಲಿ’ ಉದುರುತ್ತಿತ್ತು, ವಾಷರ್ ಸವೆದ ನಲ್ಲಿಯಿಂದ ಹನಿ ಬಿದ್ದಂತೆ. ನಕ್ಷೆಯ ಮೇಲೆ ಅವರು ಒಂದು ಪುಟ್ಟ ಅಡ್ಡಗೆರೆ ಎಳೆದರೆ ಇಡೀ ಬೀದಿಯ ನೀರು ನಿಲ್ಲುತ್ತಿತ್ತು. ತಮ್ಮೊಳಗೆ ಅಂಥದೊಂದು ವಾಲ್ವು ಎಲ್ಲಿದೆಯೆಂಬುದು ಮಾತ್ರ ಅವರಿಗೆ ಗೊತ್ತಿರಲಿಲ್ಲ.

ಹನ್ನೊಂದು ವರ್ಷದ ಹಿಂದೆ ಅವರಿಗೂ ಒಂದು ಒಳ್ಳೆಯ ಮೇಜಿತ್ತು. ಸಹೋದ್ಯೋಗಿಯೊಬ್ಬರು ಮಂಡಿನೋವೆಂದು ಎರಡೇ ದಿನಕ್ಕೆ ಅದನ್ನು ಕೇಳಿದರು. ಆಗಲಿ ಎಂದರು. ಆ ಎರಡು ದಿನ ಇನ್ನೂ ಮುಗಿದಿರಲಿಲ್ಲ. ಅಂದಿನಿಂದ ಆಗಲಿ ಸಾರ್ ಕೂರುವುದು ಮೆಟ್ಟಿಲ ಬಾಯಲ್ಲಿ, ಕಣ್ಣು ಹೊಡೆಯುವ ಟ್ಯೂಬ್‌ಲೈಟಿನ ಕೆಳಗೆ. ಈಚೆಗೆ ಒಂದು ಕೊಳವೆ ಎರಡಾಗಿ ಕಾಣತೊಡಗಿತ್ತು. ಕಣ್ಣಿನ ಡಾಕ್ಟರು ಸುತ್ತಿ ಬಳಸಿ ಹೇಳಲಿಲ್ಲ: “ಹಗಲು ಬೆಳಕಲ್ಲಿ ಕೂತು ಬರೀರಿ. ಇಲ್ಲಾಂದ್ರೆ ಇನ್ನೆರಡು ವರ್ಷಕ್ಕೆ ನಕ್ಷೆ ಕೆಲಸ ಬಿಟ್ಟುಬಿಡಬೇಕಾಗುತ್ತೆ.”

ಕಚೇರಿಯಲ್ಲಿ ಹಗಲು ಬೆಳಕು ಬೀಳುವ ಮೇಜು ಒಂದೇ, ಕಿಟಕಿ ಪಕ್ಕದ್ದು. ಅಲ್ಲಿದ್ದವರು ಹೋದ ವಾರ ನಿವೃತ್ತರಾಗಿ ಅದು ಖಾಲಿಯಾಗಿತ್ತು. ಅದೇ ಹೊತ್ತಿಗೆ ಮೇಲಿನ ಕಚೇರಿಯಿಂದ ಒಬ್ಬ ತರಬೇತಿ ಮೇಡಂ ಬಂದರು. ತನ್ನನ್ನು ತಾನು ಗೌರವಿಸಿಕೊಳ್ಳುವುದು ಹೇಗೆ ಎಂದು ಒಂದು ಮಧ್ಯಾಹ್ನವೆಲ್ಲ ಬೋರ್ಡಿನ ಮೇಲೆ ಬರೆದು ತೋರಿಸಿದರು. ಕೊನೆಯಲ್ಲಿ ಹನ್ನೆರಡು ಜನರಿಗೂ ಹಳದಿ ಕಾರ್ಡು ಹಂಚಿದರು. ಸಾಹೇಬರು ಎದ್ದು ನಿಂತು, “ಯಾರು ಪಾಸಾಗ್ತಾರೋ ಅವರಿಗೆ ಕಿಟಕಿ ಮೇಜು” ಎಂದು ಘೋಷಿಸಿದರು.

ಮಂಡಿನೋವಿನವರು ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿದರು. “ಮೇಡಂ, ಊರೆಲ್ಲ ಸುತ್ತಿ ಸಹಿ ಹಾಕಿಸ್ಕೊಂಡು ಬರೋದೆಲ್ಲ ನನ್ನ ಕೈಲಿ ಆಗಲ್ಲ” ಎಂದು ಹೇಳಿ, ಅದನ್ನು ನಾಲ್ಕು ಮಡಿಕೆ ಮಾಡಿ ಅಲುಗಾಡುವ ಮೇಜಿನ ಕಾಲಿನ ಕೆಳಗೆ ತುರುಕಿದರು. ಇನ್ನೊಬ್ಬರು ಕಾರ್ಡಿನ ಮೂಲೆಯಿಂದ ಕಿವಿ ತುರಿಸಿಕೊಳ್ಳುತ್ತ ತಮಗೂ ಆಗಲ್ಲವೆಂದರು. ಉಳಿದವರೂ ಒಬ್ಬೊಬ್ಬರಾಗಿ ತಮಗೆ ಬೇರೆ ಕೆಲಸವಿದೆ ಎಂದರು. ಮೇಡಂ ಸಿಟ್ಟಾಗಲಿಲ್ಲ. ಪುಸ್ತಕದಲ್ಲಿ ಏನೋ ಗುರುತು ಹಾಕಿಕೊಂಡರು. ಆಗಲಿ ಸಾರ್‌ಗೆ ಒಳಗೊಳಗೇ ಖುಷಿ. ಎದುರಾಳಿಗಳೇ ಇಲ್ಲದ ಓಟ, ಓಡಿದರಾಯಿತು.

ಮರುದಿನ ಬೆಳಗ್ಗೆ ಮೊದಲ ಸಹಿ ಮನೆಯಲ್ಲೇ ಆಗಲೆಂದು ಹೆಂಡತಿಯ ಮುಂದೆ ಕಾರ್ಡು ಹಿಡಿದರು.

“ಏನಾದ್ರೂ ಕೆಲಸ ಹೇಳು. ನಾನು ಆಗಲ್ಲ ಅಂತೀನಿ. ನೀನು ಸಹಿ ಹಾಕು.”

“ನೀವು? ನನಗೆ?” ಹೆಂಡತಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. “ಸರಿ. ಬಕೆಟ್ಟಲ್ಲಿ ಬಟ್ಟೆ ಇದೆ, ಒಣಗಿ ಹಾಕ್ತೀರಾ?”

ಅವರು ಬಾಯಿ ತೆರೆದರು. ಏನಾಯಿತೆಂದು ನೋಡಿಕೊಳ್ಳುವಷ್ಟರಲ್ಲಿ ಅವರು ಬಕೆಟ್ಟಿನ ಸಮೇತ ಹಿತ್ತಲಲ್ಲಿದ್ದರು. ಬಾಯಲ್ಲಿ ಎರಡು ಕ್ಲಿಪ್ಪು, ಕೈಯಲ್ಲಿ ದಿಂಬಿನ ಕವರು.

“ಹದಿನೆಂಟು ವರ್ಷದಲ್ಲಿ ಒಂದು ಸಲ ಆಗಲ್ಲ ಅಂದಿದ್ರೂ ನನ್ನ ಗಂಡನಿಗೂ ಒಂದು ಮನಸ್ಸಿದೆ ಅಂತ ನಾಲ್ಕು ಜನರ ಹತ್ರ ಹೇಳ್ಕೊಳ್ತಿದ್ದೆ” ಎಂದಳು ಅವಳು, ಬಾಗಿಲಿಗೆ ಒರಗಿ. “ಕೊಡಿ ಇಲ್ಲಿ, ಸಹಿ ಹಾಕ್ತೀನಿ. ಹಾಗೇ ಮಿಕ್ಸಿ ಜಾರು ರಿಪೇರಿಗೆ ಕೊಟ್ಟು ಹೋಗಿ.”

“ಆಗಲಿ.”

ಸಹಿ ಹಾಕಿದವಳು ಅವರ ಕನ್ನಡಕ ಕಿತ್ತುಕೊಂಡು ಸೆರಗಿನ ಒಣ ತುದಿಯಿಂದ ಒರೆಸಿ ಮತ್ತೆ ಮೂಗಿನ ಮೇಲಿಟ್ಟಳು. ಆ ಕೆಲಸವನ್ನು ಅವಳಿಗೆ ಯಾರೂ ಹೇಳಿರಲಿಲ್ಲ.

ಮೆಟ್ಟಿಲಲ್ಲಿ ಮೇಲಿನ ಮನೆಯ ನಿವೃತ್ತ ಮೇಷ್ಟ್ರು ಸಿಕ್ಕರು. ಕಾರ್ಡಿನ ವಿಷಯ ಕೇಳಿ ಅವರಿಗೆ ಮೂವತ್ತು ವರ್ಷ ಪಾಠ ಹೇಳಿದ ಉತ್ಸಾಹವೆಲ್ಲ ಮರಳಿ ಬಂತು.

“ಇದಕ್ಕೆ ಅಭ್ಯಾಸ ಬೇಕಪ್ಪ. ನಾನು ಕೇಳ್ತಾ ಹೋಗ್ತೀನಿ, ನೀನು ಹೇಳ್ತಾ ಹೋಗು. ನನ್ನ ಕಪಾಟು ಆ ಗೋಡೆಯಿಂದ ಈ ಗೋಡೆಗೆ ಇಡಬೇಕು. ಒಂದು ಕೈ ಹಿಡೀತೀಯಾ?”

“ಆ…” ಎಂದರು ಆಗಲಿ ಸಾರ್.

“ಶಭಾಷ್, ಮುಂದೆ?”

“ಆ… ಗ…”

“ಹೇಳು, ಹೆದರಬೇಡ.”

“…ಲಿ.”

ಕಪಾಟು ಈ ಗೋಡೆಗೆ ಬಂತು. ಮೇಷ್ಟ್ರು ದೂರ ನಿಂತು ತಲೆ ಓರೆ ಮಾಡಿ ನೋಡಿದರು. ಮೊದಲಿದ್ದ ಜಾಗವೇ ಚೆನ್ನಾಗಿತ್ತು ಅನ್ನಿಸಿತು. “ಇನ್ನೊಂದು ಅವಕಾಶ ಕೊಡ್ತೀನಿ. ವಾಪಸ್ ಇಡ್ತೀಯಾ?” ಎಂದರು. ಕಪಾಟು ಮರಳಿ ಹೋಯಿತು, ಹೋಗುವಾಗ ಆಗಲಿ ಸಾರ್ ಅವರ ಎಡಗಾಲಿನ ಹೆಬ್ಬೆರಳನ್ನು ಮಾತಾಡಿಸಿಕೊಂಡೇ ಹೋಯಿತು. “ಪ್ರಯತ್ನಕ್ಕೆ ಬೆಲೆ ಕೊಡಬೇಕು” ಎಂದು ಮೇಷ್ಟ್ರು ಕೆಂಪು ಶಾಯಿಯಲ್ಲಿ ಸಹಿ ಹಾಕಿ, ಪಕ್ಕದಲ್ಲಿ ಹತ್ತಕ್ಕೆ ನಾಲ್ಕು ಅಂಕ ಬರೆದರು.

ಮಿಕ್ಸಿ ಅಂಗಡಿಗೆ ಬೀಗ ಬಿದ್ದಿತ್ತು. ಜಾರನ್ನು ಕಂಕುಳಲ್ಲಿಟ್ಟುಕೊಂಡು, ಕುಂಟುತ್ತ ಬಸ್ಸು ಹತ್ತಿದರು. ಸೀಟು ಸಿಕ್ಕಿತು. ಪಕ್ಕದಲ್ಲಿ ನಿಂತಿದ್ದವನು ಬಣ್ಣದ ಮೀನು ಮಾರುವವನು. ಎರಡು ಕೈಯಲ್ಲೂ ನೀರು ತುಂಬಿದ ಪ್ಲಾಸ್ಟಿಕ್ ಕವರುಗಳು, ಕವರಿನೊಳಗೆ ಮೀನುಗಳು.

“ಸಾರ್, ಇದೊಂದು ಸ್ವಲ್ಪ ಹಿಡ್ಕೊಳ್ತೀರಾ? ಟಿಕೆಟ್ ತಗೋಬೇಕು.”

ಅಪರಿಚಿತ. ನಾಳೆ ಮುಖ ನೋಡಬೇಕಾಗಿಲ್ಲ. ಆಗಲ್ಲ ಎನ್ನಲು ಇದಕ್ಕಿಂತ ಒಳ್ಳೆಯ ಗಿರಾಕಿ ಸಿಗುವುದಿಲ್ಲವೆಂದು ಅವರು ಮನಸ್ಸಿನಲ್ಲೇ ಸೊಂಟ ಕಟ್ಟಿದರು. ಆದರೆ ಕವರಿನೊಳಗಿನ ಮೀನು ಅವರನ್ನೇ ನೋಡುತ್ತಿತ್ತು, ಬಾಯಿ ತೆರೆದು, ಮುಚ್ಚಿ, ತೆರೆದು. ಬೆಳಗ್ಗೆಯಿಂದ ತಾವು ಮಾಡುತ್ತಿದ್ದುದೂ ಅದನ್ನೇ ಎನ್ನಿಸಿ ಕೈ ತಾನಾಗಿ ಮುಂದೆ ಹೋಯಿತು.

ಟಿಕೆಟ್ಟಿನ ನಂತರ ಫೋನು ಬಂತು. ಫೋನಿನ ನಂತರ ಅವನಿಗೆ ಗುರುತಿನವರೊಬ್ಬರು ಸಿಕ್ಕರು. ಅಷ್ಟರಲ್ಲಿ ಆಗಲಿ ಸಾರ್ ಇಳಿಯುವ ನಿಲ್ದಾಣ ಹೋಯಿತು, ಅದರ ಮುಂದಿನದೂ ಹೋಯಿತು. ಕೊನೆಗೆ ಕಾರ್ಡಿನ ವಿಷಯ ತೊದಲಿ ತೊದಲಿ ಹೇಳಿದಾಗ ಅವನು ಒದ್ದೆ ಕೈಯಲ್ಲೇ ಧಾರಾಳವಾಗಿ ಸಹಿ ಹಾಕಿದ. ಮೇಷ್ಟ್ರ ಕೆಂಪು ಶಾಯಿ ಹರಡಿ ಕಾರ್ಡಿಗೆ ದಡಾರ ಎದ್ದಂತಾಯಿತು.

“ಆ ಮೀನು ನೀವೇ ಇಟ್ಕೊಳ್ಳಿ ಸಾರ್. ಬಾಲ ಸ್ವಲ್ಪ ಊನ, ಯಾರೂ ತಗೊಳ್ತಿಲ್ಲ. ನಿಮ್ಮ ಕೈಲಿ ಸಮಾಧಾನವಾಗಿದೆ, ನೋಡಿ. ಸಾಕ್ತೀರಿ ಅಲ್ವಾ?”

ಅವರು ಏನೆಂದರೆಂದು ಮತ್ತೆ ಬರೆಯಬೇಕಾಗಿಲ್ಲ.

ಹೀಗೆ ಆಗಲಿ ಸಾರ್ ಕಚೇರಿ ಮುಟ್ಟಿದಾಗ ಗಂಟೆ ಹನ್ನೊಂದೂವರೆ. ಕಂಕುಳಲ್ಲಿ ಮಿಕ್ಸಿ ಜಾರು, ಬಲಗೈಯಲ್ಲಿ ಮೀನು, ಎಡಗಾಲಲ್ಲಿ ಊತ, ಜೇಬಿನಲ್ಲಿ ಮೂರು ಸಹಿ. ಇಷ್ಟೂ ಹೊತ್ತಿನಲ್ಲಿ ಆ ಒಂದು ಮಾತು ಅವರ ಬಾಯಿಂದ ಒಮ್ಮೆಯೂ ಬಂದಿರಲಿಲ್ಲ.

ಕಚೇರಿಯಲ್ಲಿ ಕಸ ಗುಡಿಸಿ ಟೀ ಕೊಡುವ ಹೆಂಗಸನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಅವಳು ಏನೂ ಕೇಳದೆ ಒಂದು ಹಳೆಯ ಗಾಜಿನ ಡಬ್ಬ ತೊಳೆದು ತಂದು ಮೀನನ್ನು ಅದಕ್ಕೆ ಬಿಟ್ಟಳು. “ಕಿಟಕಿ ಮೇಜು ಒರೆಸಿಟ್ಟಿದೀನಿ ಸಾರ್. ಸಂಜೆ ನೀವು ಬರ್ತೀರಲ್ಲ” ಎಂದಳು. ಆಗಲಿ ಸಾರ್ ತಿರುಗಿ ನೋಡಿದರು. ಬಿಸಿಲು ಖಾಲಿ ಮೇಜಿನ ಮೇಲೆ ದೊಡ್ಡ ಬಿಳಿ ಹಾಳೆ ಹಾಸಿದಂತೆ ಬಿದ್ದಿತ್ತು. ಅಲ್ಲಿ ಕೂತರೆ ಒಂದು ಕೊಳವೆ ಒಂದಾಗಿಯೇ ಕಾಣುತ್ತಿತ್ತು.

ನಾಲ್ಕನೆಯ ಸಹಿಗೆ ಅವರು ಮಂಡಿನೋವಿನವರ ಬಳಿ ಹೋಗಬೇಕಾಗಲಿಲ್ಲ. ಅವರೇ ಕರೆದರು.

“ಬಾರಯ್ಯ, ಕಾರ್ಡು ಕೊಡು. ಸಹಿ ಮೊದಲು ಹಾಕಿಬಿಡ್ತೀನಿ, ಮರ್ತುಹೋಗುತ್ತೆ. ಆಮೇಲೆ ಈ ಹೊಸ ಬಡಾವಣೆ ನಕ್ಷೆ ಇವತ್ತೇ ಹೋಗಬೇಕು. ಕೂತ್ರೆ ಮಂಡಿ, ನಿಂತ್ರೂ ಮಂಡಿ. ನೀನೇ ಮುಗಿಸಿಬಿಡು.”

“ಸಾರ್, ಇವತ್ತು ನನಗೆ ಸ್ವಲ್ಪ…”

“ಆಗಲ್ಲ ಅಂತೀಯಾ?”

ಅವರ ಧ್ವನಿಯಲ್ಲಿ ಕೋಪವಿರಲಿಲ್ಲ, ಬರೀ ಆಶ್ಚರ್ಯ. ತಮ್ಮ ಮನೆಯ ಕುರ್ಚಿ ತಿರುಗಿ ಮಾತಾಡಿದರೆ ಆಗುವಂಥದು.

“ಇಲ್ಲ ಇಲ್ಲ, ಸ್ವಲ್ಪ ಸ್ಕೇಲು ಬೇಕು ಅಂದೆ.”

ಮೆಟ್ಟಿಲ ಬಾಯಲ್ಲಿ, ಟ್ಯೂಬ್‌ಲೈಟು ಕಣ್ಣು ಹೊಡೆಯುತ್ತಿರಲು, ಎರಡಾಗಿ ಕಾಣುವ ಕೊಳವೆಗಳಲ್ಲಿ ಸುಳ್ಳಿನದನ್ನು ಬಿಟ್ಟು ನಿಜದ್ದನ್ನು ಹಿಡಿದು ಆ ನಕ್ಷೆ ಮುಗಿಸುವಾಗ ಗಂಟೆ ನಾಲ್ಕು ಮುಕ್ಕಾಲು. ಇನ್ನೂ ಒಂದು ಗೆರೆ ಖಾಲಿ. ಸಹೋದ್ಯೋಗಿಗಳೆಲ್ಲ ಆಗಲೇ ಸಾಹೇಬರ ಕೋಣೆಯಲ್ಲಿ ಸೇರಿದ್ದರು. ಹೊರಗೆ ಉಳಿದಿದ್ದವಳು ಅಕ್ಕ ಒಬ್ಬಳೇ, ಟೀ ಲೋಟ ತೊಳೆಯುತ್ತಿದ್ದಳು.

“ಅಕ್ಕ, ಬೇಗ ನನ್ನ ಹತ್ರ ಏನಾದ್ರೂ ಕೇಳು.”

“ನನಗೇನು ಬೇಕು ಸಾರ್? ಏನೂ ಬೇಡ.”

“ಹಾಗಂದ್ರೆ ಹೇಗೆ? ಕೇಳ್ಲೇಬೇಕು. ನಾನು ಆಗಲ್ಲ ಅನ್ಬೇಕು.”

ಅಕ್ಕ ಅವರನ್ನು ಮೇಲಿನಿಂದ ಕೆಳಗೆ ನೋಡಿದಳು. ಬೆವರು, ಶಾಯಿ, ಕುಂಟುವ ಕಾಲು. ಆ ಕಚೇರಿಯಲ್ಲಿ ಅವರ ಬಳಿ ಯಾವತ್ತೂ ಏನನ್ನೂ ಕೇಳದವಳು ಅವಳೊಬ್ಬಳೇ ಎಂಬುದು ಆಗಲಿ ಸಾರ್‌ಗೆ ಆ ಕ್ಷಣದಲ್ಲಿ ಹೊಳೆಯಿತು. ಅದೇ ಈಗ ದೊಡ್ಡ ತೊಡಕಾಗಿತ್ತು.

“ಸರಿ, ಒಂದು ಹತ್ತು ನಿಮಿಷ ಸುಮ್ನೆ ಕೂತ್ಕೊಳ್ಳಿ ಸಾರ್, ಕಾಲು ಊದಿದೆ. ಇದೇ ನಾನು ಕೇಳೋದು.”

ಆಗಲಿ ಸಾರ್ ಗಡಿಯಾರ ನೋಡಿದರು. ಕೂತರೆ ಗಂಟೆ ಐದಾಗುತ್ತದೆ. ಕೂರಲು ಆಗುವುದಿಲ್ಲ. ನಿಜವಾಗಿಯೂ ಆಗುವುದಿಲ್ಲ. ಬಾಯಿ ತೆರೆದರು. ಎದುರಿಗೆ ಆ ಮುಖ, ಕಚೇರಿಯಲ್ಲಿ ದಿನವಿಡೀ ತಮ್ಮ ಬಗ್ಗೆ ಯೋಚಿಸಿದ ಒಂದೇ ಒಂದು ಮುಖ. ಅವರು ಮೆಟ್ಟಿಲ ಮೇಲೆ ಧೊಪ್ಪೆಂದು ಕುಳಿತರು.

ಅಕ್ಕ ನಿಟ್ಟುಸಿರು ಬಿಟ್ಟು ಕೈ ಒರೆಸಿಕೊಂಡಳು. “ನೀವು ಹೇಳಿದ್ರಿ, ನಲ್ಲಿ ಸದ್ದಲ್ಲಿ ನನಗೆ ಕೇಳಿಸ್ಲಿಲ್ಲ ಅಂತ ಇಟ್ಕೊಳ್ಳೋಣ. ಕೊಡಿ ಇಲ್ಲಿ.” ಒಂದೊಂದೇ ಅಕ್ಷರ ಜೋಡಿಸಿ ಸಹಿ ಹಾಕಿದಳು. ಅವರು ಎದ್ದು ಓಡಿದರು.

ಸರಿಯಾಗಿ ಐದು ಗಂಟೆಗೆ ಆಗಲಿ ಸಾರ್ ಸಾಹೇಬರ ಕೋಣೆಯಲ್ಲಿ ಕಾರ್ಡನ್ನು ಮೇಡಂ ಮುಂದಿಟ್ಟರು, ಹೆತ್ತ ಕೂಸನ್ನು ತೊಟ್ಟಿಲಿಗೆ ಇಟ್ಟಷ್ಟು ಜೋಪಾನವಾಗಿ. ಮೇಡಂ ಎತ್ತಿಕೊಂಡರು, ಎಣಿಸಿದರು, ಬೆಳಕಿಗೆ ಹಿಡಿದರು. ಅವರ ಕಣ್ಣು ದೊಡ್ಡದಾಯಿತು.

“ಐದೂ ತುಂಬಿದೆ” ಎಂದರು ಪಿಸುಮಾತಿನಲ್ಲಿ. “ಒಂಬತ್ತು ವರ್ಷದಿಂದ ಈ ತರಬೇತಿ ಮಾಡ್ತಿದೀನಿ. ತುಂಬಿದ ಕಾರ್ಡು ನಾನು ನೋಡ್ತಿರೋದು ಇದೇ ಮೊದಲು.”

ಆಗಲಿ ಸಾರ್ ಅವರ ಎದೆ ಎರಡು ಅಂಗುಲ ಉಬ್ಬಿತು. ಕಣ್ಣು ಬಾಗಿಲಾಚೆಯ ಕಿಟಕಿ ಮೇಜಿನ ಕಡೆ ಹೋಯಿತು.

“ಪರೀಕ್ಷೆ ಇದ್ದಿದ್ದು ಕಾರ್ಡು ತುಂಬೋದ್ರಲ್ಲಿ ಅಲ್ಲ” ಎಂದರು ಮೇಡಂ, ತೀರಾ ಮೃದುವಾಗಿ. “ಕೆಲಸ ಮಾಡೋ ದೊಡ್ಡವರ ಕೈಗೆ ಒಂದು ಅರ್ಥವಿಲ್ಲದ ಕಾರ್ಡು ಕೊಟ್ಟು ಊರೆಲ್ಲ ಸಹಿ ಹಾಕಿಸ್ಕೊಂಡು ಬನ್ನಿ ಅಂದ್ರೆ, ‘ಇದು ನನ್ನ ಕೈಲಿ ಆಗಲ್ಲ’ ಅಂತ ನನಗೇ ಹೇಳೋ ಧೈರ್ಯ ಯಾರಿಗಿದೆ ಅಂತ ನೋಡೋದು. ನಿನ್ನೇನೇ ಹನ್ನೊಂದು ಜನ ಪಾಸಾಗಿಬಿಟ್ರು.”

ಕೋಣೆಯಲ್ಲಿ ಚಪ್ಪಾಳೆ ಎದ್ದಿತು. ಹನ್ನೊಂದು ಜನ ತಮಗೆ ತಾವೇ ತಟ್ಟಿಕೊಂಡರು. ತಾವು ಪಾಸಾಗಿದ್ದು ಅವರಿಗೂ ಆಗಷ್ಟೇ ಗೊತ್ತಾಗಿತ್ತು. ಹನ್ನೆರಡನೆಯವರಾಗಿ ಆಗಲಿ ಸಾರ್ ಕೂಡ ತಟ್ಟಿದರು, ಎಲ್ಲರೂ ತಟ್ಟುತ್ತಿದ್ದರಲ್ಲ. ಪಾಸಾದವರಲ್ಲಿ ಹಿರಿಯರೆಂದು ಕಿಟಕಿ ಮೇಜು ಮಂಡಿನೋವಿನವರ ಪಾಲಾಯಿತು. ಅವರು ಬಿಟ್ಟ ಹಳೆಯ ಮೇಜಿನ ಮೇಲೆ ಜೆರಾಕ್ಸ್ ಮಿಷನ್ ಇಡುವುದೆಂದು ಸಾಹೇಬರು ಅಲ್ಲೇ ತೀರ್ಮಾನಿಸಿದರು.

“ನೀವು ಬೇಜಾರು ಮಾಡ್ಕೋಬೇಡಿ” ಎಂದರು ಮೇಡಂ. “ಈ ಕಾರ್ಡು ನನಗೆ ಬೇಕು. ಮುಂದಿನ ಎಲ್ಲ ತರಬೇತಿಯಲ್ಲೂ ಉದಾಹರಣೆಗೆ ತೋರಿಸ್ತೀನಿ. ನೀವೂ ಪ್ರತಿ ಶನಿವಾರ ಬಂದು ಸ್ವಲ್ಪ ಹೊತ್ತು ಜನರ ಮುಂದೆ ನಿಂತ್ಕೊಂಡ್ರೆ ತುಂಬ ಉಪಕಾರ. ಬರ್ತೀರಾ?”

“ಆಗಲಿ.”

“ಹಾಗೇ ಈ ಬೋರ್ಡು ಆಟೋವರೆಗೆ…”

“ಆಗಲಿ.”

ಬೋರ್ಡು ಆಟೋ ಸೇರಿತು. ಮಂಡಿನೋವಿನವರ ಫೈಲು, ದಿಂಬು, ನೀರಿನ ಬಾಟಲಿ, ಕಾಲಿಡುವ ಮಣೆ ಎಲ್ಲವೂ ನಾಲ್ಕು ಸುತ್ತಿನಲ್ಲಿ ಕಿಟಕಿ ಮೇಜಿಗೆ ಸೇರಿದವು. ಹೊತ್ತವರು ಯಾರೆಂದು ಹೇಳಬೇಕಾಗಿಲ್ಲ. ಹಳೆಯ ಮೇಜಿನ ಕಾಲಿನ ಕೆಳಗೆ ನಾಲ್ಕು ಮಡಿಕೆಯ ಹಳದಿ ಕಾರ್ಡು ಇನ್ನೂ ಇತ್ತು. ಆಗಲಿ ಸಾರ್ ಅದನ್ನು ಎತ್ತಿ, ಬಿಡಿಸಿ, ಬೆರಳಿನಿಂದ ಮಡಿಕೆ ನೀವಿ, ಮತ್ತೆ ಇದ್ದಲ್ಲೇ ಇಟ್ಟರು. ಮೇಜು ಅಲುಗಾಡಬಾರದಲ್ಲ.

ಎಲ್ಲರೂ ಹೋದ ಮೇಲೆ ಅಕ್ಕ ಮೀನಿನ ಡಬ್ಬ ಎತ್ತಿಕೊಂಡು ಬಂದಳು. “ಮೆಟ್ಟಿಲ ಹತ್ರ ಕತ್ತಲು ಸಾರ್, ಪಾಪ ಇದಕ್ಕೆ ಬೆಳಕು ಬೇಕು. ಮಂಡಿನೋವು ಸಾರ್‌ನ ಕೇಳಿದ್ದೆ, ಕಿಟಕಿ ಮೇಲಿಡು ಅಂದ್ರು” ಎನ್ನುತ್ತ ಡಬ್ಬವನ್ನು ಕಿಟಕಿಯ ಅಂಚಿನಲ್ಲಿಟ್ಟಳು. ಸಂಜೆಯ ಬಿಸಿಲು ನೀರಿನೊಳಗೆ ಇಳಿಯಿತು. ಊನ ಬಾಲದ ಮೀನು ಬೆಳಕಿನಲ್ಲಿ ಒಂದು ಸುತ್ತು ಹಾಕಿ, ಬಹಳ ವರ್ಷಗಳ ಸೇವೆಯ ಹಕ್ಕಿನಿಂದ ಬಂದಂತೆ ಅಲ್ಲೇ ನಿಂತಿತು.

ಆಗಲಿ ಸಾರ್ ಮಿಕ್ಸಿ ಜಾರನ್ನು ಕಂಕುಳಿಗೆ ಸೇರಿಸಿ ಆ ಮೀನನ್ನೇ ನೋಡುತ್ತಿದ್ದರು. ಅಕ್ಕ ಮೆಲ್ಲಗೆ ಕೇಳಿದಳು:

“ಆ ಮೇಜು ನಿಮಗೆ ತುಂಬ ಬೇಕಾಗಿತ್ತು, ಅಲ್ವಾ ಸಾರ್?”

“ಇಲ್ಲ” ಎಂದರು ಆಗಲಿ ಸಾರ್, ತಟ್ಟನೆ, ಎಲ್ಲೂ ತೊದಲದೆ.